ಗೀರು ಸಣ್ಣದು, ಲೆಕ್ಕ ಇಪ್ಪತ್ತೆಂಟು ದಿನದ್ದು

ಕಾಫಿ ಕುಯ್ಲಿನ ಕಾಲದಲ್ಲಿ ಕೈಮೇಲೆ ಗೀರಿಲ್ಲದವರು ಕೊಡಗಿನಲ್ಲಿ ಸಿಗುವುದು ಕಷ್ಟ. ಗಿಡದ ರೆಂಬೆ ತರಚಿರುತ್ತದೆ, ಮೆಣಸು ಕುಯ್ಯುವ ಏಣಿ ಉಜ್ಜಿರುತ್ತದೆ, ಬೇಲಿಯ ಮುಳ್ಳು ಎಳೆದಿರುತ್ತದೆ. ಇಷ್ಟರ ನಡುವೆ ಬೆಕ್ಕಿನ ಮರಿ ಪರಚಿದ ಒಂದು ಗೆರೆ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ನಾಯಿಮರಿ ಆಟವಾಡುತ್ತಾ ಹಲ್ಲು ಊರಿದ ಎರಡು ಚುಕ್ಕೆ ಸೇರಿಕೊಂಡರೆ ಅದನ್ನು ಬೇರೆಯಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಡುಹಂದಿ ಸೀಳಿದರೆ ಜೀಪು ಹುಡುಕಿಕೊಂಡು ಮಡಿಕೇರಿಗೆ ಓಡುತ್ತೇವೆ. ನಾಯಿಮರಿ ಕಚ್ಚಿದರೆ "ಮರಿ ಅಲ್ವಾ, ಬಿಡಿ" ಅನ್ನುತ್ತೇವೆ. ಆ "ಬಿಡಿ" ಅನ್ನುವ ಮಾತಿನ ಬಗ್ಗೆಯೇ ಈ ಬರಹ.

ಪ್ರಾಣಿ ಕಚ್ಚಿದಾಗ ಗಾಯದ ಗಾತ್ರ ಕೊನೆಗೆ ನೋಡುವ ವಿಷಯ. ಮೊದಲು ಕೇಳಬೇಕಾದ್ದು ಬೇರೆ: ಯಾವ ಪ್ರಾಣಿ? ಚರ್ಮ ಒಡೆದಿದೆಯೇ? ಅದರ ಜೊಲ್ಲು ಒಡೆದ ಚರ್ಮಕ್ಕೋ ಕಣ್ಣಿಗೋ ಬಾಯಿಗೋ ತಾಗಿದೆಯೇ? ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ವೈರಸ್ ಇರುವುದು ಜೊಲ್ಲಿನಲ್ಲಿ. ಒಳಗೆ ಹೋದಮೇಲೆ ಅದು ರಕ್ತದಲ್ಲಿ ಓಡಾಡುವುದಿಲ್ಲ. ಗಾಯದ ಸುತ್ತಲಿನ ಸ್ನಾಯುವಿನಲ್ಲಿ ಕೆಲವು ದಿನ ಇದ್ದು, ಅಲ್ಲಿಂದ ನರದ ತುದಿ ಹಿಡಿದು ಮಿದುಳಿನ ಕಡೆಗೆ ಹತ್ತುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಒಂದು ವಾರದೊಳಗೆ, ಅಪರೂಪಕ್ಕೆ ವರ್ಷ ಕಳೆದ ಮೇಲೆ. ಮುಖ, ಕುತ್ತಿಗೆ, ತಲೆಗೆ ಕಚ್ಚಿದರೆ ದಾರಿ ಹತ್ತಿರ. ಬೆರಳ ತುದಿಯಲ್ಲಿ ನರಗಳು ದಟ್ಟ. ನೀರು ಕಂಡರೆ, ಗಾಳಿ ಬೀಸಿದರೆ ಗಂಟಲು ಹಿಡಿದುಕೊಳ್ಳುವ ಲಕ್ಷಣ ಶುರುವಾದ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಹಾಗಾಗಿ ನಮ್ಮ ಕೈಲಿ ಉಳಿಯುವುದು ಕಚ್ಚಿದ ಕ್ಷಣಕ್ಕೂ ವೈರಸ್ ನರ ಹಿಡಿಯುವುದಕ್ಕೂ ನಡುವಿನ ಸಮಯ ಮಾತ್ರ.

ಮೊದಲ ಹದಿನೈದು ನಿಮಿಷ

ತೊಳೆಯುವುದು. ಇಷ್ಟು ಸಾದಾ ಕೆಲಸವನ್ನು ಸರಿಯಾಗಿ ಮಾಡುವವರು ಕಡಿಮೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ರೇಬೀಸ್ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ. ಪಾತ್ರೆಯ ಜಿಡ್ಡು ಬಿಡಿಸುವ ಹಾಗೆಯೇ ಸೋಪು ಆ ಹೊದಿಕೆಯನ್ನೂ ಕರಗಿಸಿಬಿಡುತ್ತದೆ. ಮೈಸೋಪೇ ಬೇಕೆಂದಿಲ್ಲ, ಬಟ್ಟೆ ಒಗೆಯುವ ಬಾರ್ ಸೋಪೂ ಆಗುತ್ತದೆ. ಹರಿಯುವ ನೀರಿನ ಕೆಳಗೆ ಗಾಯ ಹಿಡಿದು, ಸೋಪಿನ ನೊರೆ ಹಚ್ಚಿ, ತೊಳೆದು, ಮತ್ತೆ ನೊರೆ ಹಚ್ಚಿ, ಹೀಗೆ 15 ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಬೇಕು. ಅಂದಾಜಿನ ಮೇಲೆ ತೊಳೆದರೆ ಎರಡು ನಿಮಿಷಕ್ಕೇ "ಸಾಕು" ಅನ್ನಿಸುತ್ತದೆ. ಹಲ್ಲು ಇಳಿದ ಕಡೆ ಗಾಯದ ಬಾಯಿಯನ್ನು ಮೆಲ್ಲಗೆ ಬಿಡಿಸಿ ಒಳಕ್ಕೂ ನೀರು ಹೋಗುವಂತೆ ಮಾಡಿ. ಬ್ರಷ್ ಹಾಕಿ ತಿಕ್ಕುವುದು, ಬ್ಲೇಡಿನಿಂದ ಕೊಯ್ದು ರಕ್ತ ಹಿಂಡುವುದು, ಬಾಯಿಟ್ಟು ಚೀಪುವುದು ಬೇಡ. ಹೊಸ ಗಾಯವೆಂದರೆ ವೈರಸ್ಸಿಗೆ ಹೊಸ ಬಾಗಿಲು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗಿ ಮೋಟಾರ್ ಓಡದೆ ನಲ್ಲಿ ಒಣಗಿರುವುದು ನಮ್ಮಲ್ಲಿ ಹೊಸದಲ್ಲ. ಆಗ ಇನ್ನೊಬ್ಬರು ಚೊಂಬಿನಲ್ಲಿ ಎತ್ತರದಿಂದ ಸುರಿಯಬೇಕು, ಕಚ್ಚಿಸಿಕೊಂಡವರು ಉಜ್ಜಬೇಕು. ಎರಡು ಮೂರು ಕೊಡ ನೀರು ಹಿಡಿಯುತ್ತದೆ. ಬಕೆಟ್ಟಿನಲ್ಲಿ ಕೈ ಅದ್ದಿ ಕೂತರೆ ತೊಳೆದ ಹಾಗಲ್ಲ, ಜೊಲ್ಲು ಅದೇ ನೀರಿನಲ್ಲಿ ಉಳಿಯುತ್ತದೆ. ತೋಟದ ಮಧ್ಯೆ ಕಚ್ಚಿದ್ದು, ಹತ್ತಿರ ಸೋಪಿಲ್ಲ ಅಂದರೆ ಬರೀ ನೀರಿನಿಂದ ಶುರುಮಾಡಿ. ಸೋಪು ಹುಡುಕಿ ಮನೆಗೆ ಬರುವವರೆಗೆ ಕಾಯಬೇಡಿ. ಕಣ್ಣಿಗೆ ಜೊಲ್ಲು ಸಿಡಿದಿದ್ದರೆ ಸೋಪು ಬೇಡ, ಶುದ್ಧ ನೀರನ್ನಷ್ಟೇ ಧಾರಾಳವಾಗಿ ಹಾಯಿಸಿ. ಎರಡು ಗಂಟೆ ತಡವಾಗಿ ನೆನಪಾಯಿತೇ? ಆಗಲೂ ತೊಳೆಯಿರಿ.

ತೊಳೆದು ಒರೆಸಿದ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣ ಹಚ್ಚಿ. ತೋಟದ ರೈಟರ್ (ಲೆಕ್ಕ ಬರೆಯುವವರ) ಕೋಣೆಯ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಅದರ ಬಾಟಲಿ ಇದ್ದೇ ಇರುತ್ತದೆ. ಅದು ಯಾವ ವರ್ಷದ್ದು ಅಂತ ಒಮ್ಮೆ ನೋಡಿ. ಬ್ಯಾಂಡೇಜು ಬಿಗಿಯಬೇಡಿ. ರಕ್ತ ಧಾರಾಕಾರ ಹರಿಯುತ್ತಿದ್ದರೆ ಮಾತ್ರ ತೊಳೆಯುವುದನ್ನು ಆಸ್ಪತ್ರೆಗೆ ಬಿಟ್ಟು, ಶುಭ್ರ ಬಟ್ಟೆ ಒತ್ತಿಹಿಡಿದು ಹೊರಡಿ.

ಈಗ ಹಚ್ಚಬಾರದ್ದು. ಸುಣ್ಣ, ಮೆಣಸಿನ ಪುಡಿ, ಅರಿಶಿನ, ಸೀಮೆಎಣ್ಣೆ, ಹೊಗೆಸೊಪ್ಪು ಎಲ್ಲ ಊರಲ್ಲೂ ಇದ್ದದ್ದೇ. ನಮ್ಮ ಕಡೆಯದೇ ಆದದ್ದು ಕಾಫಿಪುಡಿ. ಕತ್ತಿ ತಾಗಿದ ಗಾಯಕ್ಕೆ ಕಾಫಿಪುಡಿ ಒತ್ತಿ ರಕ್ತ ನಿಲ್ಲಿಸಿದ ಅಭ್ಯಾಸವನ್ನೇ ನಾಯಿ ಕಚ್ಚಿದ ಗಾಯಕ್ಕೂ ತರುತ್ತಾರೆ. ಪುಡಿ ರಕ್ತದೊಂದಿಗೆ ಸೇರಿ ಗಟ್ಟಿ ಬಿಲ್ಲೆಯಾಗಿ ಕೂರುತ್ತದೆ. ಅದರ ಕೆಳಗೆ ಜೊಲ್ಲು ಹಾಗೇ ಉಳಿದಿರುತ್ತದೆ, ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವಾಗ ಗಾಯ ಇನ್ನಷ್ಟು ಹರಿಯುತ್ತದೆ. ಕಾಫಿಪುಡಿ ಫಿಲ್ಟರಿಗಿರಲಿ.

ಟಿಟಿ ಅಂದರೆ ರೇಬೀಸ್ ಲಸಿಕೆ ಅಲ್ಲ

ಇದು ಬಹಳ ಸಲ ಆಗುವ ತಪ್ಪು, ಅದಕ್ಕೇ ತಲೆಬರಹದಲ್ಲೇ ಹಾಕಿದೆ. "ಇಂಜೆಕ್ಷನ್ ಆಯ್ತು" ಅನ್ನುತ್ತಾರೆ. ಯಾವುದು ಅಂತ ಕೇಳಿದರೆ ಟಿಟಿ. ಅದು ಧನುರ್ವಾಯುವಿಗೆ. ಕಚ್ಚಿದ ಗಾಯಕ್ಕೆ ಅದೂ ಬೇಕು, ಹಿಂದಿನದು ಐದು ವರ್ಷಕ್ಕಿಂತ ಹಳೆಯದಾಗಿದ್ದರೆ ಖಂಡಿತ ಬೇಕು (ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಆಗುವ ಟಿಡಿ ಕೊಡುತ್ತಾರೆ). ಆದರೆ ರೇಬೀಸ್ ತಡೆಯುವ ಶಕ್ತಿ ಅದಕ್ಕೆ ಎಳ್ಳಷ್ಟೂ ಇಲ್ಲ. ಚೀಟಿಯಲ್ಲಿ "ಎಆರ್‌ವಿ" (ಆ್ಯಂಟಿ ರೇಬೀಸ್ ವ್ಯಾಕ್ಸಿನ್) ಎಂದು ಬರೆದು ಮುಂದಿನ ದಿನಾಂಕಗಳನ್ನು ನಮೂದಿಸಿದ್ದರೆ ಮಾತ್ರ ಅದು ರೇಬೀಸ್ ಲಸಿಕೆ. ಒಂದೇ ಸೂಜಿಗೆ "ಮುಗೀತು" ಅಂದಿದ್ದರೆ ಅದು ಟಿಟಿಯೇ ಇರಬೇಕು.

ವೈದ್ಯರು ಗಾಯವನ್ನು ಮೂರು ದರ್ಜೆಯಲ್ಲಿ ನೋಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಅನ್ನ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯದು. ಇದಕ್ಕೆ ಕೈ ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಗೀರು, ಬರಿ ಚರ್ಮವನ್ನು ಹಲ್ಲಿನಲ್ಲಿ ಮೆಲ್ಲಗೆ ಕಡಿದದ್ದು ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮ ಒಡೆದು ಹಲ್ಲು ಇಳಿದದ್ದು, ರಕ್ತ ಬಂದ ಗೀರು, ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದು, ಕಣ್ಣು-ಬಾಯಿಗೆ ಜೊಲ್ಲು ತಾಗಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆ ಸೀರಂ ಕೂಡ. ಕಾಡುಪ್ರಾಣಿ ಕಚ್ಚಿದ್ದೆಲ್ಲ ನಮ್ಮ ದೇಶದಲ್ಲಿ ಮೂರನೆಯ ದರ್ಜೆಗೇ ಸೇರುತ್ತದೆ. ಒಂದು ಹನಿ ರಕ್ತ ಬಂದರೂ ಮೂರನೆಯದೇ, ಅಲ್ಲಿ "ಸಣ್ಣ" ಅನ್ನುವ ಪದಕ್ಕೆ ಜಾಗವಿಲ್ಲ. ಗಂಬೂಟ್ ಮೇಲೆ, ಪ್ಯಾಂಟಿನ ಮೇಲೆ ಕಚ್ಚಿದ್ದರೆ ಬಟ್ಟೆ ಹರಿದಿಲ್ಲವೆಂದು ಸುಮ್ಮನಾಗದೆ ಬೆಳಕಿಗೆ ಹಿಡಿದು ಚರ್ಮ ನೋಡಿ. ಒಡೆದಿದೆಯೋ ಇಲ್ಲವೋ ಅನುಮಾನವಾದರೆ ಹತ್ತಿಯಲ್ಲಿ ಸ್ಪಿರಿಟ್ ತಾಗಿಸಿ. ಚುರ್ ಅಂದರೆ ಒಡೆದಿದೆ.

ಸೀರಂ: ಕೇಳಿ ಹಾಕಿಸಿಕೊಳ್ಳಬೇಕಾದ್ದು

ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ. ದೇಹ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸಲು ಒಂದರಿಂದ ಎರಡು ವಾರ ಬೇಕು. ಮುಖಕ್ಕೆ ಕಚ್ಚಿಸಿಕೊಂಡ ಮಗುವಿನಲ್ಲಿ ವೈರಸ್ ಅಷ್ಟು ದಿನ ಕಾಯದೇ ಇರಬಹುದು. ಆ ಸಂದು ಮುಚ್ಚುವುದಕ್ಕೆ ಸಿದ್ಧ ಪ್ರತಿಕಾಯವನ್ನೇ ಗಾಯದೊಳಗೆ ತುಂಬುತ್ತಾರೆ. ಇದೇ ಇಮ್ಯುನೊಗ್ಲೋಬುಲಿನ್, ಆಡುಮಾತಿನಲ್ಲಿ ಸೀರಂ. ಕುದುರೆಯ ರಕ್ತದಿಂದ ತಯಾರಿಸಿದ್ದಾದರೆ ಕೆ.ಜಿ. ತೂಕಕ್ಕೆ 40 ಯೂನಿಟ್, ಮನುಷ್ಯರ ರಕ್ತದಿಂದ ತಯಾರಿಸಿದ್ದಾದರೆ 20 ಯೂನಿಟ್. 60 ಕೆ.ಜಿ. ತೂಗುವವರಿಗೆ ಕುದುರೆ ಸೀರಂ 2400 ಯೂನಿಟ್ ಬೇಕು. ಒಂದು ಎಂ.ಎಲ್.ನಲ್ಲಿ 300 ಯೂನಿಟ್ ಇರುವ ಔಷಧವಾದರೆ 8 ಎಂ.ಎಲ್., ಅಂದರೆ 5 ಎಂ.ಎಲ್.ನ ಎರಡು ವಯಲ್. 15 ಕೆ.ಜಿ. ಮಗುವಿಗೆ 600 ಯೂನಿಟ್, 2 ಎಂ.ಎಲ್. ಸಾಕು. ಮಗುವಿನ ಮೈಮೇಲೆ ಏಳೆಂಟು ಗಾಯವಿದ್ದು 2 ಎಂ.ಎಲ್. ಎಲ್ಲದಕ್ಕೂ ಸಾಲದಿದ್ದರೆ ಪ್ರಮಾಣ ಹೆಚ್ಚಿಸುವುದಿಲ್ಲ. ಅದನ್ನೇ ಸಲೈನ್ ಬೆರೆಸಿ ಹೆಚ್ಚು ಮಾಡಿಕೊಂಡು ಪ್ರತಿ ಗಾಯಕ್ಕೂ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ತಯಾರಾದ ಮೊನೊಕ್ಲೋನಲ್ ಪ್ರತಿಕಾಯಗಳೂ ಈಗ ಸಿಗುತ್ತವೆ, ಅವುಗಳ ಪ್ರಮಾಣ ಬೇರೆ.

ಇದು ಹೋಗಬೇಕಾದ್ದು ಗಾಯದೊಳಕ್ಕೆ ಮತ್ತು ಅದರ ಸುತ್ತ. ಸೊಂಟಕ್ಕೆ ಒಂದು ಸೂಜಿ ಚುಚ್ಚಿ ಮುಗಿಸಿದರೆ ಉಪಯೋಗ ಬಹಳ ಕಡಿಮೆ, ಏಕೆಂದರೆ ವೈರಸ್ ಕೂತಿರುವುದು ಗಾಯದ ಜಾಗದಲ್ಲಿ. ಬೆರಳಿಗೆ, ಮೂಗಿಗೆ, ಕಿವಿಗೆ ಹಾಕುವಾಗ ನೋವು ಜೋರು. ಮಗು ಅಳುತ್ತದೆಂದು ಬೇಡ ಅನ್ನುವ ತಂದೆತಾಯಿಯರಿದ್ದಾರೆ, ಕೈ ಹಿಡಿದುಕೊಂಡು ಕೂರುವುದೇ ಆಗ ನಿಮ್ಮ ಕೆಲಸ. ಬೆರಳಲ್ಲಿ ಜಾಗ ಕಡಿಮೆಯಿರುವುದರಿಂದ ಒತ್ತಡ ಬಿದ್ದು ರಕ್ತಸಂಚಾರ ನಿಲ್ಲದಂತೆ ನಿಧಾನವಾಗಿ ಹಾಕಬೇಕು. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಆಸ್ಪತ್ರೆಯಲ್ಲೇ ಕೂತಿರಿ. ಅಲರ್ಜಿ ಅಪರೂಪ, ಆದರೆ ಅದು ಸಂಪಾಜೆ ಘಾಟಿಯ ಮಧ್ಯೆ ಆಗುವುದಕ್ಕಿಂತ ಅಲ್ಲೇ ಆಗಲಿ.

ಸೀರಂ ಮೊದಲ ಲಸಿಕೆಯ ದಿನವೇ ಬೀಳಬೇಕು. ಸಿಗಲಿಲ್ಲವೆಂದರೆ ಮೊದಲ ಲಸಿಕೆಯಿಂದ ಏಳನೆಯ ದಿನದವರೆಗೆ ಹಾಕಬಹುದು. ಅದರಾಚೆ ಲಸಿಕೆಯಿಂದಲೇ ಪ್ರತಿಕಾಯ ಬಂದಿರುವುದರಿಂದ ಹಾಕುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇದ್ದು ಸೀರಂ ಇಲ್ಲದಿರುವುದುಂಟು. ಲಸಿಕೆ ಅಲ್ಲೇ ಹಾಕಿಸಿಕೊಂಡು, ಸೀರಂ ಎಲ್ಲಿದೆ ಎಂದು ಅವರಿಂದಲೇ ಫೋನ್ ಮಾಡಿಸಿ ಕೇಳಿ: ವಿರಾಜಪೇಟೆ ಅಥವಾ ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಯೋ, ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಎಂದು. ಕೇಳದೆ ಮಳೆಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿ "ಖಾಲಿಯಾಗಿದೆ" ಅಂತ ಹೇಳಿಸಿಕೊಳ್ಳುವುದು ಬೇಡ.

ಹೊಲಿಗೆಯ ವಿಷಯದಲ್ಲೂ ಒಂದು ಮಾತು. ಸೀರಂ ಹಾಕುವ ಮೊದಲು ಹೊಲಿದರೆ ಸೂಜಿ ವೈರಸ್ಸನ್ನು ಒಳಕ್ಕೆ ತಳ್ಳುತ್ತದೆ. ಮುಖದ ದೊಡ್ಡ ಗಾಯ ಹೊಲಿಯಲೇಬೇಕಾದರೆ ಸೀರಂ ಹಾಕಿ, ಕೆಲವು ಗಂಟೆ ಬಿಟ್ಟು, ಸಡಿಲವಾಗಿ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಹೊಲಿಗೆ ಹಾಕುತ್ತಾರೆ. "ಹೊಲೀಲೇ ಇಲ್ಲ, ಹಾಗೇ ಕಳಿಸಿದ್ರು" ಎಂಬ ದೂರು ಕೇಳಿಬರುತ್ತದೆ. ಹಾಗೆ ಕಳಿಸಿದ್ದೇ ಸರಿ.

ಲಸಿಕೆಯ ವಾರ

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಹಾಕುವ ಕ್ರಮ. ಎರಡೂ ತೋಳಿಗೆ ತಲಾ 0.1 ಎಂ.ಎಲ್., 0, 3, 7, 28ನೆಯ ದಿನಗಳಲ್ಲಿ. ಖಾಸಗಿಯಲ್ಲಿ ಹೆಚ್ಚಾಗಿ ಸ್ನಾಯುವಿಗೆ, 0, 3, 7, 14, 28, ಒಟ್ಟು ಐದು ಸೂಜಿ. ಎರಡರಲ್ಲೂ ರಕ್ಷಣೆ ಒಂದೇ. ಸೊನ್ನೆ ಅಂದರೆ ಮೊದಲ ಸೂಜಿ ಬಿದ್ದ ದಿನ, ನಾಯಿ ಕಚ್ಚಿದ ದಿನವಲ್ಲ.

ಚರ್ಮದೊಳಗೆ ಸರಿಯಾಗಿ ಬಿದ್ದರೆ ಆ ಜಾಗದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆಯ ಮೇಲಿರುವಂತೆ ಸಣ್ಣ ಸಣ್ಣ ಗುಳಿ ಅದರ ಮೇಲೆ ಕಾಣುತ್ತವೆ. ಗುಳ್ಳೆ ಏಳದಿದ್ದರೆ ಔಷಧ ಆಳಕ್ಕೆ ಹೋಗಿದೆ, ಪಕ್ಕದಲ್ಲಿ ಇನ್ನೊಮ್ಮೆ ಹಾಕಬೇಕು. ಸಂಕೋಚವಿಲ್ಲದೆ ಕೇಳಿ. ಸ್ನಾಯುವಿಗಾದರೆ ತೋಳಿನ ಮೇಲ್ಭಾಗ, ಸಣ್ಣ ಮಕ್ಕಳಿಗೆ ತೊಡೆಯ ಹೊರಭಾಗ. ಕುಂಡಿಗೆ ಹಾಕಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ. 7 ಮತ್ತು 28ನೆಯ ದಿನ, ಮೊದಲ ಸೂಜಿ ಯಾವ ವಾರದ ದಿನ ಬಿತ್ತೋ ಅದೇ ವಾರದ ದಿನ ಬರುತ್ತವೆ. ಮಡಿಕೇರಿಯಲ್ಲಿ ಶುಕ್ರವಾರ ಸಂತೆಯ ದಿನ ಮೊದಲನೆಯದಾದರೆ ಸೋಮವಾರ ಎರಡನೆಯದು, ಮುಂದಿನ ಶುಕ್ರವಾರ ಮೂರನೆಯದು, ಅಲ್ಲಿಂದ ಮೂರು ವಾರ ಬಿಟ್ಟು ಬರುವ ಶುಕ್ರವಾರ ಕೊನೆಯದು. ದಿನಾಂಕ ನೆನಪಿಡಲಾರದವರಿಗೆ ಹೀಗೆ ಸಂತೆ ಲೆಕ್ಕದಲ್ಲಿ ಹೇಳಿದರೆ ತಪ್ಪುವುದಿಲ್ಲ. ಗುರುವಾರ ಶುರುವಾದರೆ ಮಾತ್ರ ಮೂರನೆಯ ದಿನ ಭಾನುವಾರ ಬರುತ್ತದೆ, ಅಂದು ಎಲ್ಲಿ ಹಾಕುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ.

ತಪ್ಪಿಹೋಗುವುದು ಬಹುಪಾಲು 28ನೆಯ ದಿನದ್ದು. ಗಾಯ ಒಣಗಿರುತ್ತದೆ, ನಾಯಿ ಓಡಾಡಿಕೊಂಡಿರುತ್ತದೆ, ಕುಯ್ಲು ಮುಗಿದು ಕಾರ್ಮಿಕರು ಬೇರೆ ತೋಟಕ್ಕೋ ಅಸ್ಸಾಂಗೋ ಹೊರಟಿರುತ್ತಾರೆ. ದಿನಗೂಲಿಯವರಿಗೆ ನಾಲ್ಕು ಸಲ ಆಸ್ಪತ್ರೆಗೆ ಹೋಗುವುದೆಂದರೆ ನಾಲ್ಕು ಅರ್ಧ ದಿನದ ಕೂಲಿ. ತೋಟದವರು ಆ ನಾಲ್ಕು ಅರ್ಧ ದಿನಕ್ಕೆ ಹಾಜರಿ ಹಾಕಿಕೊಡುವುದು ದೊಡ್ಡ ಖರ್ಚಲ್ಲ ಎಂಬುದು ನನ್ನ ಅಭಿಪ್ರಾಯ. ಊರು ಬಿಟ್ಟು ಹೋಗುವವರು ಚೀಟಿ ಒಯ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಮುಂದುವರಿಸಬಹುದು. ಕಂಪನಿ ಬದಲಾದರೂ ಪರವಾಗಿಲ್ಲ, ಚರ್ಮಕ್ಕೆ ಶುರುಮಾಡಿದ್ದನ್ನು ಚರ್ಮಕ್ಕೇ ಮುಗಿಸುವುದು ಒಳ್ಳೆಯದು. ದಿನ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಹೋದ ದಿನ ಬಾಕಿಯದು ಹಾಕಿಸಿಕೊಳ್ಳಿ.

ಮೆಡಿಕಲ್ ಶಾಪಿನಿಂದ ಲಸಿಕೆ ಕೊಂಡು ಊರಿನ ಡಾಕ್ಟರ ಬಳಿ ಒಯ್ಯುವವರು ಗಮನಿಸಿ: ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಐಸ್ ಪ್ಯಾಕ್ ಜೊತೆ ಕೇಳಿ ಪಡೆಯಿರಿ, ಮನೆಯ ಫ್ರಿಜ್ಜಿನಲ್ಲಿಟ್ಟರೂ ಫ್ರೀಜರಿಗೆ ಹಾಕಬೇಡಿ. ಮೂರು ದಿನ ಕರೆಂಟಿಲ್ಲದ ಮನೆಯ ಫ್ರಿಜ್ಜು ಬೀರುವಿಗೆ ಸಮ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕೈಗೂಸು ಎಲ್ಲರೂ ಹಾಕಿಸಿಕೊಳ್ಳಬಹುದು. ಪಥ್ಯ ಇಲ್ಲ. ಪಂದಿ ಕರಿ (ಹಂದಿ ಮಾಂಸದ ಅಡುಗೆ) ಬಿಡಬೇಕು, ಮೀನು ಮುಟ್ಟಬಾರದು ಎಂಬುದಕ್ಕೆ ಆಧಾರವಿಲ್ಲ. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಯಲ್ಲಿರುವವರು ಅದನ್ನು ತಪ್ಪದೆ ಹೇಳಿ, ಅವರಿಗೆ ಸ್ನಾಯುವಿಗೆ ಹಾಕುವುದು ಮೇಲು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂದು ಅಜ್ಜಂದಿರು ಹೇಳುವುದು ಸುಳ್ಳಲ್ಲ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ, ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿದೆ. ಆ ಹೆದರಿಕೆ ಮಾತ್ರ ಇನ್ನೂ ನಿಂತಿಲ್ಲ.

ಹಿಂದೆ ಪೂರ್ತಿ ಲಸಿಕೆ ಆಗಿರುವವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೆಯ ದಿನ ಎರಡೇ ಸೂಜಿ, ಸೀರಂ ಬೇಡವೇ ಬೇಡ. ಹಳೆಯ ಚೀಟಿಯನ್ನು ಆರ್‌ಟಿಸಿ ಜೊತೆ ಇಡಿ ಎನ್ನುವುದು ಅದಕ್ಕೇ. ಕಚ್ಚಿ ಹತ್ತು ದಿನವಾಗಿದೆ, ತಿಂಗಳಾಗಿದೆ, ಇನ್ನು ಹೋಗಿ ಏನು ಪ್ರಯೋಜನ ಎಂದು ಕೂರುವವರಿಗೆ: ಈಗಲೂ ಹೋಗಿ.

ಹತ್ತು ದಿನ ನಾಯಿಯ ಮೇಲೆ ಕಣ್ಣು

ರೇಬೀಸ್ ಇರುವ ನಾಯಿ, ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬಂದಮೇಲೆ ಅದು ಹತ್ತು ದಿನ ದಾಟಿ ಆರೋಗ್ಯವಾಗಿ ಬದುಕಿರುವುದಿಲ್ಲ. ಹಾಗಾಗಿ ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ನೀರು, ಅನ್ನ ಕೊಟ್ಟು ನೋಡುತ್ತಾರೆ. ಆದರೆ ಲಸಿಕೆ ಮೊದಲ ದಿನವೇ ಶುರುವಾಗಬೇಕು, ಹತ್ತು ದಿನ ನೋಡಿ ಆಮೇಲೆ ಹೋಗುವುದಲ್ಲ. ನಾಯಿ ಚೆನ್ನಾಗಿಯೇ ಇದ್ದರೆ, ಐದು ಸೂಜಿಯ ಕ್ರಮದಲ್ಲಿ 14ನೆಯ ದಿನದ್ದನ್ನು ಬಿಟ್ಟು 28ನೆಯದನ್ನು ಹಾಕಬಹುದು. ಚರ್ಮಕ್ಕೆ ಹಾಕುವ ಕ್ರಮವನ್ನಂತೂ ಪೂರ್ತಿ ಮಾಡುವುದೇ ರೂಢಿ. ಈ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಮಂಗ, ಮುಂಗುಸಿಗೆ ನಡೆಯುವುದಿಲ್ಲ.

ಹೊಡೆದು ಕೊಲ್ಲುವುದು ಕಾನೂನಿಗೆ ವಿರುದ್ಧ ಎಂಬುದಿರಲಿ, ಕೊಂದರೆ ನೋಡಲು ಉಳಿಯುವುದೇನು? ಕಚ್ಚಿಸಿಕೊಂಡವರಿಗಿದ್ದ ಒಂದು ಸುಳಿವೂ ಹೋಯಿತು. ಹೋಮ್‌ಸ್ಟೇ ನಡೆಸುವವರಿಗೆ ಇನ್ನೊಂದು ಕೆಲಸವಿದೆ. ನಿಮ್ಮ ನಾಯಿ ಅತಿಥಿಯ ಮಗುವನ್ನು ಪರಚಿತು, ಅವರು ಭಾನುವಾರ ಸಂಜೆ ಬೆಂಗಳೂರಿಗೆ ಹೊರಟರು. ಅವರ ನಂಬರ್ ಬರೆದಿಟ್ಟುಕೊಂಡು ಹತ್ತನೆಯ ದಿನ ನೀವೇ ಫೋನ್ ಮಾಡಿ ನಾಯಿ ಹೇಗಿದೆ ಎಂದು ತಿಳಿಸಿ. ನಡುವೆ ಅದು ಸತ್ತರೆ ಅಥವಾ ಕಾಣೆಯಾದರೆ ಅಂದೇ ತಿಳಿಸಿ.

ಹುಚ್ಚು ಅಂದರೆ ಸಿಕ್ಕಸಿಕ್ಕವರನ್ನು ಕಚ್ಚುತ್ತಾ ಓಡುವುದು ಎಂದೇ ಎಲ್ಲರ ಕಲ್ಪನೆ. ಅದರ ಮೌನ ರೂಪವೂ ಇದೆ. ನಾಯಿ ಮೂಲೆ ಸೇರುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಬೊಗಳುವ ದನಿ ಒಡೆಯುತ್ತದೆ, ನುಂಗಲಾರದೆ ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಯಜಮಾನರು ಕೈಹಾಕುತ್ತಾರೆ. ಹಸುವಿನಲ್ಲೂ ಇದೇ ಕತೆ: ಮೇವು ಬಿಟ್ಟಿದೆ, ಜೊಲ್ಲು ಸುರಿಸುತ್ತಿದೆ, ವಿಚಿತ್ರವಾಗಿ ಕೂಗುತ್ತಿದೆ, ಹಲಸಿನ ಬೀಜವೋ ಗೆಣಸೋ ಸಿಕ್ಕಿರಬೇಕು ಎಂದು ಮೊಣಕೈವರೆಗೆ ಬಾಯೊಳಗೆ ಹಾಕುತ್ತಾರೆ. ಕಾಫಿ ಕುಯ್ದ ಕೈ, ಗೀರುಗಳಿಂದ ತುಂಬಿದ ಕೈ. ಅದು ಮೂರನೆಯ ದರ್ಜೆ. ಅಂಥ ದನಕ್ಕೆ ಪಶುವೈದ್ಯರನ್ನೇ ಕರೆಸಿ, ಮುಟ್ಟಲೇಬೇಕಾದರೆ ಉದ್ದ ಕೈಗವಸು ಹಾಕಿ. ಅದರ ಹಾಲನ್ನು ಬಳಸಬೇಡಿ. ನಿನ್ನೆ ಮೊನ್ನೆ ಕಾಯಿಸಿ ಕುಡಿದಿದ್ದರೆ ಭಯ ಬೇಡ, ಕುದಿಯಲ್ಲಿ ವೈರಸ್ ಉಳಿಯುವುದಿಲ್ಲ.

ತೋಟದ ನಾಯಿಗಳು ರಾತ್ರಿ ಮುಂಗುಸಿ, ನರಿ, ಕಬ್ಬೆಕ್ಕಿನ ಜೊತೆ ಕಾದಾಡಿ ಬೆಳಿಗ್ಗೆ ಮೂತಿ ಹರಿದುಕೊಂಡು ಬರುತ್ತವೆ. ಆ ಗಾಯವನ್ನು ಬರಿಗೈಯಲ್ಲಿ ತೊಳೆಯಬೇಡಿ. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಪಶುವೈದ್ಯರು ಹೇಳಿದಾಗ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ಮೂರು ತಿಂಗಳೊಳಗಿನ ಮರಿಗೆ ಲಸಿಕೆ ಆಗಿರುವುದಿಲ್ಲವಾದ್ದರಿಂದ "ಮರಿ ಅಲ್ವಾ" ಎಂಬ ಮಾತು ತಿರುಗುಮುರುಗು.

ಉಳಿದ ಪ್ರಾಣಿಗಳು, ಉಳಿದ ಕ್ರಿಮಿಗಳು

ಮಂಗ ಕಚ್ಚಿದರೆ ನಾಯಿ ಕಚ್ಚಿದ ಹಾಗೆಯೇ ಎಲ್ಲವೂ. ಕೋರೆಹಲ್ಲು ಉದ್ದ, ಕೈಯ ಸ್ನಾಯುರಜ್ಜು ತುಂಡಾಗಿರಬಹುದು, ಬೆರಳು ಮಡಿಸಿ ಬಿಡಿಸಿ ನೋಡಿ. ಇಲಿ, ಅಳಿಲು, ಮೊಲ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ರೇಬೀಸ್ ಲಸಿಕೆ ಬೇಕಾಗುವುದಿಲ್ಲ. ಆದರೆ ಇಲಿ ಕಚ್ಚಿದ ಕೆಲವು ದಿನ ಅಥವಾ ವಾರಗಳ ಮೇಲೆ ಜ್ವರ, ದದ್ದು, ಕೀಲುನೋವು ಬಂದರೆ ಇಲಿ ಕಚ್ಚಿದ್ದನ್ನು ವೈದ್ಯರಿಗೆ ಹೇಳಿ. ಅದಕ್ಕೆ ಬೇರೆ ಬ್ಯಾಕ್ಟೀರಿಯಾ ಕಾರಣ, ಔಷಧವಿದೆ. ಜಿಗಣೆಯಿಂದ ರೇಬೀಸ್ ಬರುವುದಿಲ್ಲ. ಅದನ್ನು ಕೆರೆದು ಹುಣ್ಣು ಮಾಡಿಕೊಳ್ಳದಿದ್ದರೆ ಸರಿ.

ಬೆಕ್ಕಿನ ವಿಷಯವನ್ನು ಮಾತ್ರ ಇಷ್ಟು ಬೇಗ ಬಿಡುವಂತಿಲ್ಲ. ನಾಯಿಯ ಹಲ್ಲು ಹರಿಯುತ್ತದೆ, ಬೆಕ್ಕಿನದು ಸೂಜಿಯಂತೆ ಇಳಿಯುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆ, ಒಳಗೆ ಕೀಲಿನವರೆಗೆ ದಾರಿ. ಮೇಲಿನ ಚರ್ಮ ಕೂಡಲೇ ಮುಚ್ಚಿಕೊಳ್ಳುತ್ತದೆ, ಒಳಗೆ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳಿಗ್ಗೆ ಕಚ್ಚಿದ್ದು ರಾತ್ರಿಗೆ ಕೆಂಪಾಗಿ ಬಾತು ಬೆರಳು ಮಡಿಸಲಾಗದಂತಾದರೆ, ಕೆಂಪು ಗೆರೆ ತೋಳಿನತ್ತ ಏರುತ್ತಿದ್ದರೆ ನಾಳೆಯವರೆಗೆ ಕಾಯುವ ಮಾತಿಲ್ಲ. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮನೆಯಲ್ಲಿ ಉಳಿದಿದ್ದ ಸೆಫಲೆಕ್ಸಿನ್ ಮಾತ್ರೆ ನುಂಗಿ ಕೂರುವುದು ದಂಡ, ಪಾಶ್ಚುರೆಲ್ಲಾಗೆ ಅದು ಸರಿಯಾಗಿ ನಾಟುವುದಿಲ್ಲ.

ಬೆಕ್ಕಿನ ಮರಿ ಪರಚಿದ ಒಂದೆರಡು ವಾರದ ಮೇಲೆ ಕಂಕುಳಲ್ಲೋ ಕುತ್ತಿಗೆಯಲ್ಲೋ ನೋಯುವ ಗಂಟು, ಸಣ್ಣ ಜ್ವರ ಬಂದರೆ ಅದು ಬಾರ್ಟೊನೆಲ್ಲಾ ಇರಬಹುದು. ಬೆಕ್ಕಿನ ಚಿಗಟದ ಹಿಕ್ಕೆ ಉಗುರಿಗೆ ಅಂಟಿ ಅಲ್ಲಿಂದ ಗೀರಿಗೆ ಸೇರುತ್ತದೆ. ಬಹುಪಾಲು ತಾನಾಗಿ ಇಳಿಯುತ್ತದೆ, ಆದರೆ ಗಂಟು ಕಂಡ ಕೂಡಲೇ ಕ್ಷಯವೆಂದೋ ಕ್ಯಾನ್ಸರೆಂದೋ ಹೆದರಿ ಮೈಸೂರಿಗೆ ಓಡುವ ಮೊದಲು ಮನೆಯಲ್ಲಿ ಬೆಕ್ಕಿನ ಮರಿಯಿದೆ ಎಂದು ವೈದ್ಯರಿಗೆ ಹೇಳಿ.

ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ಕುಡಿತದಿಂದ ಯಕೃತ್ತು ಕೆಟ್ಟವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ನಾಯಿಯ ಚಿಕ್ಕ ಗಾಯಕ್ಕೂ ಅಂದೇ ವೈದ್ಯರನ್ನು ಕಾಣಬೇಕು. ನಾಯಿಯ ಬಾಯಲ್ಲಿ ಸಹಜವಾಗಿ ಇರುವ ಒಂದು ಬ್ಯಾಕ್ಟೀರಿಯಾ ಇಂಥವರ ರಕ್ತಕ್ಕೆ ಸೇರಿ ಎರಡು ಮೂರು ದಿನದಲ್ಲಿ ನಂಜೇರಿಸಬಲ್ಲದು.

ಹತ್ತು ದಿನದೊಳಗೆ ನಾಯಿ ಸತ್ತರೆ ತಕ್ಷಣ ಹೂಳಬೇಡಿ. ಮೊದಲು ಪಶು ಆಸ್ಪತ್ರೆಗೆ ಫೋನ್. ಮಿದುಳಿನ ಮಾದರಿ ತೆಗೆದು ಐಸಿನಲ್ಲಿಟ್ಟು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯದಂಥ ಕಡೆಗೆ ಕಳಿಸುವುದು ಅವರ ಕೆಲಸ. ಲಸಿಕೆ ಆಗಿರುವವರೇ ಅದನ್ನು ಮಾಡಬೇಕು, ನೀವು ಕತ್ತಿ ಹಿಡಿಯಬೇಡಿ. ಅವರು ಬರುವವರೆಗೆ ಬೇರೆ ನಾಯಿ, ಕಾಗೆ ಮುಟ್ಟದಂತೆ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿ ನೆರಳಿನಲ್ಲಿಡಿ. ಜೊಲ್ಲು ಬಿದ್ದ ನೆಲ, ಅನ್ನದ ತಟ್ಟೆ, ಸರಪಳಿಯನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಬಿಸಿಲು ಬಿದ್ದರೆ ವೈರಸ್ ಹೆಚ್ಚು ಹೊತ್ತು ಬಾಳುವುದಿಲ್ಲ, ಆದರೆ ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆ ಬಿಸಿಲನ್ನು ನೆಚ್ಚಿಕೊಂಡು ಕೂರುವವರು ಯಾರು? ಸೋಪೇ ಹಾಕಿ.